ಗೆಜ್ಜೆ ಕಟ್ಟುವವಳು ತಾಳವನ್ನೂ ಹಿಡಿಯಲಿ

ಮೈಸೂರಿನಲ್ಲಿ ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಯಾವ ಬಡಾವಣೆಗೆ ಹೋದರೂ ಸಂಜೆ ಐದರ ಮೇಲೆ ಒಂದಲ್ಲ ಒಂದು ಮನೆಯ ಮಹಡಿಯಿಂದ, ಗುರುಗಳು ಕೋಲಿನಿಂದ ತಾಳ ಹಾಕುವ ಮರದ ತಟ್ಟುಮಣೆಯ ಸದ್ದು ಕೇಳಿಬರುತ್ತದೆ. ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳು ಸಾಲಾಗಿ ಮುಗಿಯುತ್ತವೆ, ಮೊದಲ ಪೂರ್ಣ ಏಕವ್ಯಕ್ತಿ ಪ್ರದರ್ಶನವಾದ ರಂಗಪ್ರವೇಶವೂ ಆಗುತ್ತದೆ. ಆಮೇಲೆ ಏನು ಅನ್ನುವ ಪ್ರಶ್ನೆಗೆ ಮನೆಯವರು, ನೆಂಟರು, ಎಷ್ಟೋ ಸಲ ಗುರುಗಳು ಕೂಡ ಹೇಳುವುದು ಎರಡೇ ಉತ್ತರ: ವೇದಿಕೆಯಲ್ಲಿ ಕುಣಿ, ಇಲ್ಲದಿದ್ದರೆ ಒಂದು ಕ್ಲಾಸ್ ಶುರು ಮಾಡು. ಮೂರನೆಯ ದಾರಿ ಅದೇ ಕೋಣೆಯಲ್ಲಿ, ಗುರುಗಳ ಕೈಯಲ್ಲೇ ಇರುತ್ತದೆ. ಅದು ನಟ್ಟುವಾಂಗ: ಕೈಯಲ್ಲಿ ಲೋಹದ ಪುಟ್ಟ ತಾಳದ ಜೋಡಿ ತಟ್ಟುತ್ತ, ಬಾಯಲ್ಲಿ ‘ತಕಧಿಮಿ’ಯಂಥ ಸೊಲ್ಲು (ಲಯದ ಅಕ್ಷರ) ಹೇಳುತ್ತ ನೃತ್ಯವನ್ನು ನಡೆಸುವ ಕೆಲಸ. ನೃತ್ಯವನ್ನು ಬದುಕಾಗಿಸಿಕೊಳ್ಳಬೇಕು ಅಂತ ನಿಜವಾಗಿ ಅಂದುಕೊಂಡಿರುವ ಹುಡುಗಿ ಸೀನಿಯರ್ ಪರೀಕ್ಷೆಯ ಹೊತ್ತಿಗೇ ತಾಳ ಕೈಗೆತ್ತಿಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ, ಹೇಗೆ, ಎಲ್ಲೆಲ್ಲಿ ಎಡವುತ್ತದೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ಒಂದು ಕಾರ್ಯಕ್ರಮದಲ್ಲಿ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ನೋಡಿ. ರಂಗಪ್ರವೇಶದ ದಿನ ಸಭಾಂಗಣದ ಬಾಡಿಗೆ, ಲೈಟು, ಮೈಕು, ಮೇಕಪ್, ಹೂವು, ಸೀರೆಯಿಂದ ಹೊಲಿಸಿದ ಉಡುಪು, ಹಿಮ್ಮೇಳದ ನಾಲ್ಕೈದು ಜನ, ಎಲ್ಲರಿಗೂ ಸಲ್ಲಬೇಕಾದ್ದು ಸಲ್ಲುತ್ತದೆ. ನರ್ತಕಿಗೆ ಮಾತ್ರ ಇಲ್ಲ, ಕೊಡುವವಳೇ ಅವಳು. ಸಭೆಗಳ ಕಾರ್ಯಕ್ರಮದಲ್ಲಿ ಗೌರವಧನ ಅಂತ ಒಂದು ಕವರ್ ಬಂದರೂ ಅದು ಮೃದಂಗ, ಹಾಡುಗಾರಿಕೆ, ಮೇಕಪ್, ಆಟೋ ಅಂತ ಹಂಚಿಹೋಗಿ ಕೊನೆಗೆ ಕೈಯಿಂದಲೇ ಸೇರಿಸಬೇಕಾಗುತ್ತದೆ. ಅದೇ ಕಾರ್ಯಕ್ರಮದಲ್ಲಿ ತಾಳ ಹಿಡಿದು ಕೂತವರು ಪಡೆಯುವ ಕಡೆಯಲ್ಲಿರುತ್ತಾರೆ. ರಿಹರ್ಸಲ್‌ಗೊಂದು, ವೇದಿಕೆಗೊಂದು, ರೆಕಾರ್ಡಿಂಗ್ ಇದ್ದರೆ ಅದಕ್ಕೊಂದು ಸಂಭಾವನೆ. ಹಿಮ್ಮೇಳಕ್ಕೆ ದುಡ್ಡಿಲ್ಲದೆ ಟ್ರ್ಯಾಕ್ ಹಾಕಿ ಕುಣಿಯುವವರು ಹೆಚ್ಚಾಗಿದ್ದಾರೆ, ನಿಜ. ಆದರೆ ಆ ಟ್ರ್ಯಾಕಿನೊಳಗೂ ಯಾರೋ ಜತಿ (ಸೊಲ್ಲುಗಳನ್ನು ಪೋಣಿಸಿದ ಲಯದ ಮಾಲೆ) ಹೇಳಿರುತ್ತಾರೆ, ತಾಳ ತಟ್ಟಿರುತ್ತಾರೆ.

ಇನ್ನೊಂದು ಕಾರಣ ವಯಸ್ಸು. ಮಂಡಿ, ಸೊಂಟ, ಹಿಮ್ಮಡಿ ಮೂವತ್ತೈದರ ಮೇಲೆ ಲೆಕ್ಕ ಕೇಳಲು ಶುರುಮಾಡುತ್ತವೆ. ಲಯ ಹಾಗಲ್ಲ, ಅದು ವರ್ಷ ಕಳೆದಂತೆ ಮಾಗುತ್ತದೆ.

ಹಿಂದೆ ಈ ಕೆಲಸ ಬಹುಮಟ್ಟಿಗೆ ಗಂಡಸರದ್ದೇ ಆಗಿತ್ತು. ಆರಂಭದ ಅಲರಿಪುವಿನಿಂದ ಕೊನೆಯ ತಿಲ್ಲಾನದವರೆಗೆ ಕಾರ್ಯಕ್ರಮದಲ್ಲಿ ಬರುವ ನೃತ್ಯಗಳ ಸಾಲಾದ ಮಾರ್ಗವನ್ನು ಕ್ರಮಕ್ಕೆ ತಂದ ತಂಜಾವೂರಿನ ನಾಲ್ವರು ಸಹೋದರರು ನಟ್ಟುವಾಂಗ ಮಾಡುವ ಗುರುಗಳು, ಅಂದರೆ ನಟ್ಟುವನಾರ್‌ಗಳು. ಅವರಲ್ಲಿ ಹಿರಿಯರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದವರು. ಕುಣಿಯುವವಳು ಹೆಣ್ಣು, ಕುಣಿಸುವವನು ಗಂಡು. ಪಾಠ, ಜತಿ, ಲೆಕ್ಕ ಎಲ್ಲ ಕುಣಿಸುವವನ ಹತ್ತಿರ. ಇಪ್ಪತ್ತನೆಯ ಶತಮಾನದಲ್ಲಿ ಇದು ಬದಲಾಯಿತು. ತಮಿಳುನಾಡಿನಲ್ಲಿ ಕೆ.ಜೆ.ಸರಸ ಅವರಂಥವರು ಹೆಣ್ಣಾಗಿ ನಟ್ಟುವಾಂಗಕ್ಕೆ ಕೂತು ದಾರಿ ತೋರಿದರು. ನಮ್ಮ ಮೈಸೂರಿನ ಹೆಮ್ಮೆ ಬೇರೆ ಬಗೆಯದು. ಜಟ್ಟಿ ತಾಯಮ್ಮನವರ ಅಭಿನಯದ ಹೆಸರು, ಅವರ ಶಿಷ್ಯೆ ಕೆ.ವೆಂಕಟಲಕ್ಷಮ್ಮನವರ ಜಾವಳಿ, ಪದ, ಅಷ್ಟಪದಿಯಂಥ ಭಾವಪ್ರಧಾನ ಹಾಡುಗಳ ಅಭಿನಯ. 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯದ ಪಾಠ ಆರಂಭಿಸಿದಾಗ ಅಲ್ಲಿ ಬೋಧನೆಗೆ ಸೇರಿದರು, 9 ವರ್ಷ ಕಲಿಸಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಐವತ್ತೊಂಬತ್ತನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಕೆಲಸ! ಕಾಲು ನಿಂತರೂ ವಿದ್ಯೆ ನಿಲ್ಲಬೇಕಿಲ್ಲ ಅನ್ನುವುದಕ್ಕೆ ಈ ಊರಿನವರು ಹೊರಗೆಲ್ಲೂ ಉದಾಹರಣೆ ಹುಡುಕಬೇಕಿಲ್ಲ.

ಈಗ ತಾಳದ ಜೋಡಿಗೆ ಬರೋಣ. ಎರಡೂವರೆ ಇಂಚಿನ ಆಸುಪಾಸಿನ ಎರಡು ಬಿಲ್ಲೆ. ಒಂದು ಉಕ್ಕಿನದು, ಇನ್ನೊಂದು ಕಂಚಿನದು. ಸಾಮಾನ್ಯವಾಗಿ ಎಡಗೈಯಲ್ಲಿ ಕಂಚು ಅಲುಗದೆ ನಿಲ್ಲುತ್ತದೆ, ಬಲಗೈಯ ಉಕ್ಕು ಬಂದು ತಟ್ಟುತ್ತದೆ. ಎರಡೂ ಬೇರೆ ಬೇರೆ ಲೋಹ ಆಗಿರುವುದರಿಂದಲೇ ಆ ನಾದಕ್ಕೆ ಮೊನೆಯೂ ಇದೆ, ಗುಂಗೂ ಇದೆ. ದೇವರ ಮನೆಯ ತಾಳದಂತೆ ಎರಡೂ ಹಿತ್ತಾಳೆಯದಾದರೆ ಗುಂಗು ಜಾಸ್ತಿಯಾಗಿ ಮೂರನೇ ಕಾಲದ (ಅತಿ ವೇಗದ) ಸೊಲ್ಲುಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಕೊಳ್ಳುವಾಗ ಅಂಗಡಿಯಲ್ಲೇ ಹತ್ತು ಜೋಡಿ ತಟ್ಟಿ ನೋಡಿ. ತಟ್ಟಿ ಬಿಟ್ಟಾಗ ನಾದ ನೇರವಾಗಿ ಇಳಿಯಬೇಕು. ‘ವ್ವ್ವ್’ ಅಂತ ಅಲೆಅಲೆಯಾಗಿ ನಡುಗಿದರೆ ಅಂಚಿನಲ್ಲಿ ಬಿರುಕಿರಬಹುದು ಅಥವಾ ಎರಕ ಸರಿಯಿಲ್ಲ. ಸಾಧ್ಯವಾದರೆ ಫೋನಿನಲ್ಲಿ ನಿಮ್ಮ ಶ್ರುತಿ ಹಾಕಿಕೊಂಡು ತಟ್ಟಿ. ಶ್ರುತಿಗೆ ಪೂರ್ತಿ ಸೇರದಿದ್ದರೂ ಪರವಾಗಿಲ್ಲ, ಅದರ ಜೊತೆ ಜಗಳವಾಡುವ ಜೋಡಿ ಬೇಡ.

ಹಿಡಿಯುವುದರಲ್ಲೇ ಅರ್ಧ ವಿದ್ಯೆ ಇದೆ. ನಡುವಿನ ತೂತಿನಿಂದ ಬಂದ ದಾರವನ್ನು ತೋರುಬೆರಳಿಗೆ ಒಂದು ಸುತ್ತು ಹಾಕಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಲ್ಲೆಯ ನಡುವಿನ ಉಬ್ಬಾದ ಗುಬ್ಬಿಯ ಬುಡದಲ್ಲಿ ಹಿಡಿಯಬೇಕು. ಉಳಿದ ಮೂರು ಬೆರಳು ಬಿಲ್ಲೆಯನ್ನು ಮುಟ್ಟಬಾರದು. ನಾದ ನಿಲ್ಲಿಸಬೇಕಾದಾಗ ಮಾತ್ರ ಅವು ಬಂದು ಸವರುತ್ತವೆ. ಹೊಸಬರು ಬಿದ್ದುಹೋದೀತು ಅನ್ನುವ ಭಯಕ್ಕೆ ಮುಷ್ಟಿಯಲ್ಲಿ ಅಮುಕಿ ಹಿಡಿಯುತ್ತಾರೆ. ಆಗ ನಾದ ಸತ್ತು ‘ಟಕ್’ ಅನ್ನುತ್ತದೆ, ಹೆಬ್ಬೆರಳಿನ ಬುಡವೂ ನೋಯುತ್ತದೆ. ಎರಡು ಬಿಲ್ಲೆಯನ್ನೂ ಮುಖಕ್ಕೆ ಮುಖ ಕೊಟ್ಟು ಚಪ್ಪಾಳೆಯಂತೆ ತಟ್ಟುವುದು ಇನ್ನೊಂದು ತಪ್ಪು. ನಡುವಿನ ಗಾಳಿ ಸಿಕ್ಕಿಕೊಂಡು ಎರಡೂ ಅಂಟಿದಂತಾಗಿ ನಾದವೇ ಹೊರಡುವುದಿಲ್ಲ. ಬಲಗೈ ಬಿಲ್ಲೆ ಸ್ವಲ್ಪ ವಾಲಿರಬೇಕು. ಅದರ ಅಂಚು ಎಡಗೈ ಬಿಲ್ಲೆಯ ಅಂಚಿನ ಒಳಬದಿಗೆ ಬಿದ್ದು ತಕ್ಷಣ ಬಿಟ್ಟುಬರಬೇಕು. ಬಿಟ್ಟರೆ ತೆರೆದ ನಾದ, ತಟ್ಟಿ ಅಲ್ಲೇ ಒತ್ತಿದರೆ ಮುಚ್ಚಿದ ನಾದ. ಇವೆರಡೇ ಅಕ್ಷರ. ಇಡೀ ಎರಡು ಗಂಟೆಯ ಮಾರ್ಗವನ್ನು ಈ ಎರಡೇ ಅಕ್ಷರದಲ್ಲಿ ಬರೆಯಬೇಕು.

ತಾಳ ತಟ್ಟುವುದು ಅಂದರೆ ಆದಿತಾಳದ ಎಂಟು ಎಣಿಕೆ ಹಾಕುವುದು ಅಂತ ತಿಳಿದುಕೊಂಡವರು ಬಹಳ. ಹಾಗಲ್ಲ. ನೃತ್ತದಲ್ಲಿ, ಅಂದರೆ ಕಥೆ, ಭಾವವಿಲ್ಲದ ಶುದ್ಧ ಕುಣಿತದಲ್ಲಿ, ಕೈಯ ತಾಳ ಕಾಲನ್ನು ಹಿಂಬಾಲಿಸುತ್ತದೆ. ಎಂಟರ ಎಣಿಕೆ ಮನಸ್ಸಿನೊಳಗೆ ಓಡುತ್ತಿರುತ್ತದೆ. ‘ತೈಯುಂ ತತ್ ತತ್ ತೈಯುಂ ತಾ’ ಅಂದರೆ ಹೆಜ್ಜೆ ಎಲ್ಲೆಲ್ಲಿ ನೆಲಕ್ಕೆ ಬಿತ್ತೋ ಅಲ್ಲಲ್ಲಿ ತಾಳ ಬೀಳಬೇಕು. ಬಾಯಿ ಸೊಲ್ಲು ಹೇಳುತ್ತಿದೆ, ಕೈ ಕಾಲಿನ ಜೊತೆಗಿದೆ, ತಲೆ ಆವರ್ತ (ತಾಳದ ಒಂದು ಪೂರ್ತಿ ಸುತ್ತು) ಎಣಿಸುತ್ತಿದೆ, ಕಣ್ಣು ನರ್ತಕಿಯ ಮೇಲಿದೆ. ನಾಲ್ಕು ಕೆಲಸ ಒಟ್ಟಿಗೆ. ಕುಣಿದು ಗೊತ್ತಿರುವವಳಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ, ಏಕೆಂದರೆ ಎದುರಿಗಿನವಳ ಉಸಿರು ಎಲ್ಲಿ ಸಾಲದಾಗುತ್ತದೆ, ಯಾವ ಅಡವಿನ (ಮೂಲ ಹೆಜ್ಜೆಯ) ಆಮೇಲೆ ತಿರುಗಲು ಅರ್ಧ ಮಾತ್ರೆ (ಲಯದ ಸಣ್ಣ ಅಳತೆ) ಬೇಕು ಅನ್ನುವುದು ಅವಳ ಮೈಗೇ ಗೊತ್ತಿರುತ್ತದೆ.

ಕಲಿಯುವ ಕ್ರಮ ನಾನು ಹೇಳುವುದು ಹೀಗೆ. ಮೊದಲ ಎರಡು ತಿಂಗಳು ತಾಳದ ಜೋಡಿ ಮುಟ್ಟಲೇಬೇಡಿ. ಬಲಗೈಯಲ್ಲಿ ಆದಿತಾಳ ಹಾಕುತ್ತ ಐದು ಜಾತಿಯ ಸೊಲ್ಲು ಹೇಳಿ: ತಕಿಟ ಮೂರು, ತಕಧಿಮಿ ನಾಲ್ಕು, ತಕತಕಿಟ ಐದು, ತಕಿಟತಕಧಿಮಿ ಏಳು, ತಕಧಿಮಿತಕತಕಿಟ ಒಂಬತ್ತು. ಒಂದೊಂದನ್ನೂ ಮೂರು ಕಾಲದಲ್ಲಿ. ಕಾಲ ಬದಲಾಯಿಸುವಾಗ ಕೈಯ ತಾಳ ಓಡಬಾರದು, ಇದೇ ಪರೀಕ್ಷೆ. ಮೂರನೇ ತಿಂಗಳಿಂದ ಜೋಡಿ ಹಿಡಿದು ತಟ್ಟಡವು, ನಾಟಡವುಗಳಿಂದ ಶುರುಮಾಡಿ, ನಿಮಗಿಂತ ಕಿರಿಯ ಮಕ್ಕಳಿಗೆ ತಾಳ ಹಾಕಿ. ಆಮೇಲೆ ತಿಶ್ರದ ಅಲರಿಪು, ಜತಿಸ್ವರ, ಶಬ್ದ. ಮಾರ್ಗದ ಅತಿ ದೊಡ್ಡ ನೃತ್ಯವಾದ ವರ್ಣಕ್ಕೆ ಕೈಹಾಕಲು ಒಂದೂವರೆ ವರ್ಷವಾದರೂ ಬೇಕು. ದಿನಕ್ಕೆ 40 ನಿಮಿಷ ಸಾಕು, ಆದರೆ ದಿನವೂ ಬೇಕು. ವಾರಕ್ಕೊಮ್ಮೆ ಮೂರು ಗಂಟೆ ಕೂತರೆ ಮಣಿಕಟ್ಟು ನೋಯುತ್ತದೆ, ವಿದ್ಯೆ ಹತ್ತುವುದಿಲ್ಲ.

ಲೆಕ್ಕವನ್ನು ಒಂದು ತೀರ್ಮಾನದಲ್ಲಿ, ಅಂದರೆ ಜತಿ ಮುಗಿಸಲು ಮೂರು ಸಲ ಹೇಳುವ ಸೊಲ್ಲುಕಟ್ಟಿನಲ್ಲಿ, ಬಿಡಿಸಿ ತೋರಿಸುತ್ತೇನೆ. ಜತಿಯನ್ನು ಬಾಯಿಪಾಠ ಮಾಡುವವಳಿಗೂ ಅದನ್ನು ಕಟ್ಟಬಲ್ಲವಳಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುವುದು. ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ. ಒಂದೊಂದಕ್ಕೆ 4 ಮಾತ್ರೆ ಇಟ್ಟರೆ ಒಟ್ಟು 32. ‘ತದಿಗಿಣತೊಂ’ 5 ಮಾತ್ರೆ. ತೀರ್ಮಾನಕ್ಕೆ ಮೂರು ಸಲ ಹೇಳಬೇಕು, 15 ಆಯಿತು. ಆವರ್ತದ ಉತ್ತರಾರ್ಧ, ಅಂದರೆ ಎರಡೆರಡು ಎಣಿಕೆಯ ಎರಡು ದ್ರುತಗಳು ಸೇರಿ 16 ಮಾತ್ರೆ. ಒಂದು ಉಳಿಯಿತು. ಆ ಒಂದನ್ನು ಮೊದಲೇ ಬಿಡಬೇಕು: ಐದನೇ ಎಣಿಕೆಯ ತಟ್ಟು ಬಿದ್ದು ಒಂದು ಮಾತ್ರೆ ಕಳೆದ ಮೇಲೆ ‘ತದಿಗಿಣತೊಂ’ ಎತ್ತಿದರೆ ಮೂರನೆಯದು ಮುಗಿದ ತಕ್ಷಣ ಸಮ (ಮುಂದಿನ ಆವರ್ತದ ಮೊದಲ ತಟ್ಟು) ಕಾಲಿನ ಕೆಳಗೆ ಬಂದು ನಿಂತಿರುತ್ತದೆ. ಈಗ ಅದೇ ತೀರ್ಮಾನಕ್ಕೆ ನಡುವೆ ಒಂದೊಂದು ಮಾತ್ರೆಯ ಕಾರ್ವೆ (ಮೌನದ ಬಿಡುವು) ಕೊಡಿ. 5, 1, 5, 1, 5, ಒಟ್ಟು 17. 32ರಲ್ಲಿ 17 ಕಳೆದರೆ 15. ಅಂದರೆ ಐದನೇ ಎಣಿಕೆಯ ತಟ್ಟಿಗೆ ಒಂದು ಮಾತ್ರೆ ಮುಂಚೆ ಎತ್ತಬೇಕು. ಕಾರ್ವೆ ಎರಡೆರಡು ಮಾತ್ರೆ ಆದರೆ ಒಟ್ಟು 19, ಉಳಿಯುವುದು 13. ನಾಲ್ಕನೇ ಎಣಿಕೆ, ಅಂದರೆ ಮೊದಲ ನಾಲ್ಕು ಎಣಿಕೆಯ ಲಘುವಿನಲ್ಲಿ ನಡುಬೆರಳು ಮುಟ್ಟುವ ಜಾಗ, ಅದಾಗಿ ಒಂದು ಮಾತ್ರೆಗೆ ಎತ್ತುಗಡೆ.

ಇದನ್ನು ಕಾಗದದಲ್ಲಿ ನೋಡಿದರೆ ಸಣ್ಣ ಮಕ್ಕಳ ಕೂಡುವ ಲೆಕ್ಕ. ಕೈಯಲ್ಲಿ ತಾಳ ಹಾಕುತ್ತ ಮೂರನ್ನೂ ಒಂದರ ಹಿಂದೊಂದು ಹೇಳಿ ನೋಡಿ. ಮೊದಲ ಬಾರಿಗೆ ನಡುವಿನ ಕಾರ್ವೆ ತಾನಾಗಿ ಕುಗ್ಗುತ್ತದೆ. ಮೌನವನ್ನು ಪೂರ್ತಿ ಅಳತೆ ಕೊಟ್ಟು ಹಿಡಿಯುವುದು ಸೊಲ್ಲು ಹೇಳುವುದಕ್ಕಿಂತ ಕಷ್ಟ. ಕಾರ್ವೆ ಕಾಲು ಮಾತ್ರೆ ಕುಗ್ಗಿದರೂ ನರ್ತಕಿ ಸಮಕ್ಕೆ ಮುಂಚೆ ಇಳಿದುಬಿಡುತ್ತಾಳೆ, ಮೃದಂಗದವರು ಸಮದಲ್ಲಿ ಇಳಿಯುತ್ತಾರೆ, ಸಭೆಗೆ ಎರಡು ಪೆಟ್ಟು ಕೇಳುತ್ತದೆ. ಸಭೆಯ ಕಣ್ಣಿಗೆ ತಪ್ಪಿದ್ದು ನರ್ತಕಿಯೇ. ನಟ್ಟುವಾಂಗಕ್ಕೆ ಕೂತವಳು ಆ ಅನ್ಯಾಯ ಮಾಡಬಾರದು.

ಇನ್ನೊಂದು ದೊಡ್ಡ ಕಾಯಿಲೆ ಓಟ. ಜತಿ ಶುರುವಾದ ವೇಗಕ್ಕೂ ಮುಗಿದ ವೇಗಕ್ಕೂ ಸಂಬಂಧವೇ ಇರುವುದಿಲ್ಲ. ಕೂತು ಹೇಳುವವಳಿಗೆ ಅದು ಹುರುಪು ಅನ್ನಿಸುತ್ತದೆ. ಎದುರಿಗೆ ಕುಣಿಯುವವಳ ಅರೆಮಂಡಿ (ಮಂಡಿ ಬಗ್ಗಿಸಿದ ನಿಲುವು) ಮೇಲೇಳುತ್ತಿರುತ್ತದೆ, ಕೈ ಪೂರ್ತಿ ಚಾಚುವುದಿಲ್ಲ. ಪತ್ತೆ ಹಚ್ಚುವುದು ಸುಲಭ: ನಿಮ್ಮ ಜತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲ ಎರಡು ಆವರ್ತಕ್ಕೆ ಎಷ್ಟು ಸೆಕೆಂಡ್, ಕೊನೆಯ ಎರಡಕ್ಕೆ ಎಷ್ಟು ಸೆಕೆಂಡ್ ಅಂತ ಅಳೆಯಿರಿ. ಸರಿಪಡಿಸಲು ಮೆಟ್ರೊನೋಮನ್ನು (ಸಮ ಅಂತರದಲ್ಲಿ ಸದ್ದು ಮಾಡುವ ಯಂತ್ರ) ಎಂಟು ಎಣಿಕೆಗೂ ಹಾಕಬೇಡಿ. ಹಾಗೆ ಹಾಕಿದರೆ ನೀವು ಯಂತ್ರದ ಕೈ ಹಿಡಿದು ನಡೆಯುತ್ತೀರಿ, ಬಿಟ್ಟ ಕೂಡಲೇ ಮತ್ತೆ ಓಟ. ಆವರ್ತದ ಮೊದಲ ಎಣಿಕೆಗೆ ಮಾತ್ರ ಸದ್ದು ಬರುವಂತೆ ಇಡಿ. ನಡುವಿನ ಏಳು ನಿಮ್ಮ ಜವಾಬ್ದಾರಿ. ಒಂದು ವಾರದಲ್ಲಿ ತಪ್ಪು ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ.

ಕಂಠದ ವಿಷಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕು. ನಾವು ಕೇಳಿ ಬೆಳೆದ ಜತಿಗಳು ಹೆಚ್ಚಾಗಿ ಗಂಡು ದನಿಯವು. ಅದೇ ಗಾಂಭೀರ್ಯ ಬರಲಿ ಅಂತ ಹುಡುಗಿಯರು ದನಿಯನ್ನು ಕೆಳಗೆ ಒತ್ತಿ, ಗಂಟಲು ಬಿಗಿದು ಹೇಳುತ್ತಾರೆ. ವರ್ಣದ ನಾಲ್ಕನೇ ಜತಿಯ ಹೊತ್ತಿಗೆ ದನಿ ಒಡೆಯುತ್ತದೆ. ಅದರ ಅಗತ್ಯವೇ ಇಲ್ಲ. ಹಾಡುವವರು ಹೆಂಗಸಾಗಿದ್ದರೆ ಶ್ರುತಿ ಐದು, ಐದೂವರೆ ಮನೆಯಲ್ಲಿ, ಅಂದರೆ ಗಂಡು ದನಿಗಿಂತ ಎತ್ತರಕ್ಕೆ, ಇರುತ್ತದೆ. ಆ ಶ್ರುತಿಯಲ್ಲಿ ನಿಂತು ಜತಿ ಹೇಳುವುದು ಹೆಣ್ಣು ದನಿಗೆ ಸಹಜ. ಗಾಂಭೀರ್ಯ ಬರುವುದು ಉಚ್ಚಾರದಿಂದ: ‘ಧಿ’ಯ ಮಹಾಪ್ರಾಣ ನಿಜವಾಗಿ ಬರಲಿ, ‘ತ’ ಹಲ್ಲಿಗೆ ತಾಗಲಿ, ‘ತೊಂ’ ತುಟಿ ಮುಚ್ಚಿ ಮುಗಿಯಲಿ. ಉಸಿರು ಹೊಟ್ಟೆಯಿಂದ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನು ಪುಸ್ತಕದಲ್ಲೇ ಗುರುತು ಹಾಕಿಕೊಳ್ಳಿ, ತೋಚಿದಲ್ಲಿ ಬೇಡ. ಕಾರ್ಯಕ್ರಮದ ದಿನ ಐಸ್ ನೀರು, ಕರಿದದ್ದು, ಮಧ್ಯಾಹ್ನದ ಜೋರು ಮಾತು ಬಿಟ್ಟರೆ ಸಾಕು. ಕಷಾಯಗಳ ಪಟ್ಟಿ ನಾನು ಕೊಡುವುದಿಲ್ಲ.

ಪದ, ಜಾವಳಿಗೆ ಬಂದಾಗ ತಾಳ ಹಿಡಿದವಳು ಕರಗಬೇಕು. ಮೈಸೂರಿನ ಪರಂಪರೆಯ ಜೀವ ಇರುವುದು ಅಭಿನಯದಲ್ಲಿ. ಅಲ್ಲಿ ಸಾಹಿತ್ಯದ ಒಂದು ಪದಕ್ಕೆ ಹುಬ್ಬು ಹೇಗೆ ಏಳುತ್ತದೆ ಅನ್ನುವುದೇ ಘಟನೆ. ಅದರ ಮೇಲೆ ‘ಠಣ್’ ಅಂತ ತೆರೆದ ತಾಳ ಬಿದ್ದರೆ ಹಾಲಿಗೆ ಹುಳಿ ಬಿದ್ದಂತೆ. ಮುಚ್ಚಿದ ನಾದ, ಅದೂ ಅಂಚಿನ ತುದಿಯಲ್ಲಿ, ಬರೀ ಹಾಡುವವರಿಗೂ ಮೃದಂಗಕ್ಕೂ ಕೇಳುವಷ್ಟು. ಜಾವಳಿಯಲ್ಲಿ ಕಣ್ಣು ಕಾಲಿನ ಮೇಲಲ್ಲ, ಮುಖದ ಮೇಲಿರಬೇಕು. ನರ್ತಕಿ ಅದೇ ಸಾಲಿಗೆ ಇನ್ನೊಂದು ಸಂಚಾರಿ (ಆ ಸಾಲಿನ ಭಾವದ ವಿಸ್ತಾರ) ಎತ್ತುತ್ತಾಳೋ, ಮುಂದಿನ ಸಾಲಿಗೆ ಹೋಗುತ್ತಾಳೋ ಅನ್ನುವುದು ಅವಳ ಮುಖದಲ್ಲಿ ಅರ್ಧ ಆವರ್ತ ಮುಂಚೆಯೇ ಕಾಣುತ್ತದೆ. ಅದನ್ನು ಹಾಡುವವರಿಗೆ ದಾಟಿಸುವುದು ನಿಮ್ಮ ಕೆಲಸ.

ವೇದಿಕೆಯ ಮೇಲೆ ಕೂರುವ ಜಾಗವನ್ನು ಮೈಕಿನವರು ಹೇಳಿದಲ್ಲಿಗೆ ಬಿಡಬೇಡಿ. ನರ್ತಕಿಯ ಪಾದ ಹಿಂಬದಿಯವರೆಗೂ ಕಾಣುವಂತೆ ವೇದಿಕೆಯ ಮುಂತುದಿಗೆ ಕೂರಬೇಕು. ಜಗನ್ಮೋಹನ ಅರಮನೆಯ ಸಭಾಂಗಣವಾಗಲಿ, ಕಲಾಮಂದಿರವಾಗಲಿ, ಕಿರುರಂಗಮಂದಿರವಾಗಲಿ, ಒಂದೊಂದರಲ್ಲೂ ಸದ್ದು ತಿರುಗುವ ಬಗೆ ಬೇರೆ. ಖಾಲಿ ಸಭಾಂಗಣದಲ್ಲಿ ಸೌಂಡ್ ಚೆಕ್ ಮಾಡಿದಾಗ ಮೊಳಗಿದ ತಾಳ ಜನ ತುಂಬಿದ ಮೇಲೆ ತಗ್ಗುತ್ತದೆ. ಅದನ್ನು ಎಣಿಸಿಯೇ ಹೊಂದಿಸಿ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ಮಟ್ಟಕ್ಕೆ. ತಾಳ ತೊಡೆಯ ಮಟ್ಟಕ್ಕೆ. ಎದೆ ಮಟ್ಟಕ್ಕೆ ಎತ್ತಿ ತಟ್ಟಿದರೆ ಅದೇ ಮೈಕಿಗೆ ಹೊಡೆದು ಸೊಲ್ಲು ಮುಳುಗುತ್ತದೆ. ಮಾನಿಟರ್ ಒಂದನ್ನು ನರ್ತಕಿಯ ಕಡೆಗೂ ತಿರುಗಿಸಲು ಕೇಳಿ. ಅವಳಿಗೆ ಜತಿ ಕೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಮದುವೆ, ಹೆರಿಗೆಯ ನಂತರ ಎಷ್ಟೊಂದು ಒಳ್ಳೆಯ ನರ್ತಕಿಯರು ಮಾಯವಾಗುತ್ತಾರೆ ಅನ್ನುವುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ನೋವು. ಎರಡು ವರ್ಷದ ಬಿಡುವು ಐದಾಗಿ, ಐದು ಹತ್ತಾಗಿ, ಮತ್ತೆ ಗೆಜ್ಜೆ ಕಟ್ಟುವ ಧೈರ್ಯ ಬರುವುದಿಲ್ಲ. ತಾಳ ಗೊತ್ತಿದ್ದರೆ ಕೊಂಡಿ ಪೂರ್ತಿ ಕಳಚುವುದಿಲ್ಲ. ಗರ್ಭಿಣಿಯಾಗಿರುವಾಗಲೂ, ವೈದ್ಯರು ಬೇಡ ಅನ್ನದಿದ್ದರೆ, ಕುರ್ಚಿಯ ಮೇಲೆ ಕೂತು ಕ್ಲಾಸಿನ ತಾಳ ಹಾಕಬಹುದು. ಹೆರಿಗೆಯ ನಂತರ ಜಿಗಿತ, ಪೂರ್ತಿ ಕುಕ್ಕರಗಾಲಿನ ಪೂರ್ಣಮಂಡಿಗೆ ಅವಸರ ಬೇಡ. ಹೊಟ್ಟೆಯ ನಡುಗೆರೆ ಉಬ್ಬುವುದು, ತಟ್ಟಿದಾಗ ಮೂತ್ರ ಜಿನುಗುವುದು, ಕೆಳಗೆ ಭಾರವೆನಿಸುವುದು, ಇವು ಮೈ ಇನ್ನೂ ಸಿದ್ಧವಿಲ್ಲ ಅನ್ನುವ ಸೂಚನೆ. ಹೆರಿಗೆ ಮಾಡಿಸಿದ ವೈದ್ಯರಿಗೂ ಫಿಸಿಯೋಥೆರಪಿಸ್ಟ್‌ಗೂ ತೋರಿಸಿಯೇ ಮುಂದುವರಿಯಿರಿ. ಜೋರು ದನಿಯ ಜತಿಯೂ ಹೊಟ್ಟೆಯೊಳಗೆ ಒತ್ತಡ ಹಾಕುತ್ತದೆ, ಹಾಗಾಗಿ ಮೊದಲು ಮೆಲುದನಿ. ಇನ್ನೊಂದು ಎಚ್ಚರಿಕೆ: ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೆ ಹೆಬ್ಬೆರಳಿನ ಬುಡದ ಸ್ನಾಯು ನೋವು ಬರುವುದು ಸಾಮಾನ್ಯ. ತಾಳ ಬಿಗಿಯಾಗಿ ಹಿಡಿದರೆ ಅದೇ ಜಾಗಕ್ಕೆ ಪೆಟ್ಟು. ನೋವಿದ್ದರೆ ಕೆಲವು ವಾರ ಜೋಡಿ ಬಿಟ್ಟು ತಟ್ಟುಮಣೆ, ಬಾಯಿಯ ಸೊಲ್ಲು ಸಾಕು.

ಕ್ಲಾಸ್ ನಡೆಸುವವರು ನೆಲದ ಬಗ್ಗೆ ಯೋಚಿಸಲೇಬೇಕು. ಕಾಂಕ್ರೀಟಿನ ಮೇಲೆ ಕೂರಿಸಿದ ವಿಟ್ರಿಫೈಡ್ ಟೈಲ್ಸ್‌ಗಿಂತ ಕೆಟ್ಟ ನೆಲ ನೃತ್ಯಕ್ಕಿಲ್ಲ. ತಟ್ಟಿದ ಪೆಟ್ಟು ಪೂರ್ತಿ ಮೊಣಕಾಲಿಗೆ ವಾಪಸ್ಸು ಬರುತ್ತದೆ, ಬೆವರು ಬಿದ್ದರೆ ಜಾರುತ್ತದೆ. ದಪ್ಪ ರಬ್ಬರ್ ಹಾಳೆ ಹಾಸಿ ಅದರ ಮೇಲೆ 12 ಮಿಲಿಮೀಟರ್ ಪ್ಲೈವುಡ್ ಜೋಡಿಸಿದರೆ ಬಾಡಿಗೆ ಮನೆಯಲ್ಲೂ ನಡೆಯುತ್ತದೆ, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು. ಹಲಗೆಗಳ ಕೂಡು ಅಂಚಿಗೆ ಟೇಪ್ ಹಾಕಿ, ಇಲ್ಲದಿದ್ದರೆ ಮಕ್ಕಳ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಕ್ಲಾಸಿನ ಲೆಕ್ಕವನ್ನೂ ಕಣ್ಣೆದುರಿಗೆ ಇಡುತ್ತೇನೆ. ಇದು ಲೆಕ್ಕಕ್ಕೆಂದು ಹಿಡಿದ ಅಂಕಿ, ನಿಮ್ಮ ಬಡಾವಣೆಯದನ್ನು ನೀವು ಹಾಕಿಕೊಳ್ಳಿ. 25 ಮಕ್ಕಳು, ತಿಂಗಳಿಗೆ 800 ರೂಪಾಯಿ, ಅಂದರೆ 20,000. ಶಾಲೆಯ ಪರೀಕ್ಷೆ, ಬೇಸಿಗೆ ರಜೆಯ ಎರಡು ತಿಂಗಳು ಅರ್ಧಕ್ಕರ್ಧ ಮಕ್ಕಳು ಬರುವುದಿಲ್ಲ. ವರ್ಷಕ್ಕೆ 2,20,000 ಆಯಿತು. ಬಾಡಿಗೆ ತಿಂಗಳಿಗೆ 6,000ದಂತೆ 72,000. ಕರೆಂಟು, ಸ್ವಚ್ಛತೆ, ಸ್ಪೀಕರ್ ರಿಪೇರಿ 18,000. ವಾರ್ಷಿಕೋತ್ಸವಕ್ಕೆ ಪೋಷಕರಿಂದ ಬಂದದ್ದು ಕಳೆದು ಕೈಯಿಂದ ಹೋಗುವುದು 30,000. ಉಳಿಯುವುದು 1,00,000. ತಿಂಗಳಿಗೆ ಎಂಟು ಸಾವಿರ ಚಿಲ್ಲರೆ! ಹತ್ತು ಹದಿನೈದು ವರ್ಷ ಕಲಿತ ವಿದ್ಯೆಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸೇವೆ ಅನ್ನುವ ಮಾತಿನಡಿ ಮುಚ್ಚಿಡುತ್ತಾರೆ. ಬರೀ ಕ್ಲಾಸನ್ನು ನಂಬಬೇಡಿ ಅನ್ನುವುದು ಇದಕ್ಕೇ. ತಿಂಗಳಿಗೆ ಎರಡು ಕಾರ್ಯಕ್ರಮದ ನಟ್ಟುವಾಂಗ, ಅದರ ರಿಹರ್ಸಲ್‌ಗಳು ಸೇರಿದರೆ ಚಿತ್ರವೇ ಬದಲಾಗುತ್ತದೆ.

ಆ ಸಂಭಾವನೆ ಸರಿಯಾಗಿ ಬರಬೇಕಾದರೆ ಒಪ್ಪಿಕೊಳ್ಳುವ ದಿನವೇ ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬರೆದು ಕಳಿಸಿ. ಎಷ್ಟು ರಿಹರ್ಸಲ್, ಒಂದೊಂದು ಎಷ್ಟು ಗಂಟೆ, ಹೆಚ್ಚಿನದಕ್ಕೆ ಎಷ್ಟು, ಹೊಸ ಜತಿ ಕಟ್ಟಿಕೊಟ್ಟರೆ ಅದಕ್ಕೆ ಬೇರೆ ಎಷ್ಟು, ಮುಂಗಡ ಎಷ್ಟು, ರದ್ದಾದರೆ ಏನು, ರೆಕಾರ್ಡ್ ಮಾಡಿಕೊಂಡು ಮುಂದೆ ಟ್ರ್ಯಾಕಾಗಿ ಬಳಸಬಹುದೋ ಇಲ್ಲವೋ. ಕೊನೆಯದನ್ನು ಮರೆಯಬೇಡಿ. ರಿಹರ್ಸಲ್ ನೆನಪಿಗೆ ಅಂತ ಮಾಡಿಕೊಂಡ ರೆಕಾರ್ಡಿಂಗ್ ಮುಂದಿನ ಹತ್ತು ಕಾರ್ಯಕ್ರಮಕ್ಕೆ ಓಡುವುದು ಎಲ್ಲೆಡೆ ನಡೆಯುತ್ತಿದೆ. ಹೆಂಗಸರು ದುಡ್ಡಿನ ಮಾತೆತ್ತಿದರೆ ಮುಖ ಸಣ್ಣದು ಮಾಡುವವರಿದ್ದಾರೆ. ಅದೇ ಜನ ಮೃದಂಗದವರ ಹತ್ತಿರ ಮೊದಲ ಫೋನಿನಲ್ಲೇ ಮಾತು ಮುಗಿಸಿರುತ್ತಾರೆ. ತೆರಿಗೆಯ ಭಯವೂ ಬೇಡ: ಶಾಸ್ತ್ರೀಯ ನೃತ್ಯ, ಸಂಗೀತದ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದಾಯ ತೆರಿಗೆಯ ರಿಟರ್ನ್ ಮಾತ್ರ ಪ್ರತಿ ವರ್ಷ ಹಾಕಿ. ಸಾಲ ಕೇಳಲು ಹೋದಾಗ ನೃತ್ಯವೂ ಒಂದು ದುಡಿಮೆ ಅನ್ನುವುದಕ್ಕೆ ಬ್ಯಾಂಕು ನೋಡುವುದು ಅದನ್ನೇ.

ವಿದ್ಯೆ ಗಟ್ಟಿಯಾಗುವ ವರ್ಷಗಳಲ್ಲಿ ಆಸರೆಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯೋಜನೆಗಳಿವೆ. 18ರಿಂದ 25 ವರ್ಷದ ಕಲಾವಿದರಿಗೆ ಎರಡು ವರ್ಷ ತಿಂಗಳಿಗೆ 5,000 ರೂಪಾಯಿ ವಿದ್ಯಾರ್ಥಿವೇತನ, 25ರಿಂದ 40ರವರೆಗೆ ಎರಡು ವರ್ಷ ತಿಂಗಳಿಗೆ 10,000 ರೂಪಾಯಿಯ ಜೂನಿಯರ್ ಫೆಲೋಶಿಪ್. ಎರಡನೆಯದಕ್ಕೆ ಒಂದು ಅಧ್ಯಯನದ ವಿಷಯ ಬೇಕು. ಮೈಸೂರು ಶೈಲಿಯ ಜಾವಳಿಗಳಿಗೆ ತಾಳ ಹಾಕುವ ಕ್ರಮ ಅಂತ ಬರೆದರೆ ನಿಮ್ಮ ಕೈಯಲ್ಲಿರುವ ವಿದ್ಯೆಯೇ ವಿಷಯವಾಯಿತು. ಅರ್ಜಿ ಕರೆದಾಗ ಹುಡುಕಾಡದಂತೆ ಪರೀಕ್ಷೆಯ ಅಂಕಪಟ್ಟಿ, ಆಹ್ವಾನಪತ್ರಿಕೆ, ಪತ್ರಿಕೆಯ ತುಣುಕು ಎಲ್ಲವನ್ನೂ ಇಸವಿ ಪ್ರಕಾರ ಒಂದು ಫೈಲಿನಲ್ಲಿಡಿ.

ಮಂಡ್ಯದವರಿಗೆ ಒಂದು ಮಾತು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದಲ್ಲಿ ಕಲಿಯುವ ಮಕ್ಕಳಿದ್ದಾರೆ, ಕಲಿಸುವವರಿದ್ದಾರೆ. ಹಿಮ್ಮೇಳ ಬೇಕಾದಾಗ ಮೈಸೂರಿಗೋ ಬೆಂಗಳೂರಿಗೋ ಫೋನ್ ಹೋಗುತ್ತದೆ. ಕಲಾವಿದರ ಪ್ರಯಾಣ, ಊಟ, ರಾತ್ರಿ ವಾಪಸ್ಸು ಕಳಿಸುವ ಕಾರು, ಎಲ್ಲ ಸೇರಿ ಒಂದು ಸಣ್ಣ ಕಾರ್ಯಕ್ರಮದ ಬಜೆಟ್ಟೇ ಮುಗಿಯುತ್ತದೆ. ಅಲ್ಲಿಯ ಹುಡುಗಿಯೊಬ್ಬಳು ತಾಳ ಗಟ್ಟಿಯಾಗಿ ಕಲಿತರೆ ಆ ಜಿಲ್ಲೆಯ ಗುರುಗಳೇ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಮಂಡ್ಯದಿಂದ ಮೈಸೂರು ಬರೀ 45 ಕಿಲೋಮೀಟರ್, ರೈಲಿದೆ. ಪಾಠಕ್ಕೆ ವಾರಕ್ಕೆರಡು ದಿನ ಬಂದುಹೋಗಬಹುದು. ರಾತ್ರಿಯ ಕಾರ್ಯಕ್ರಮಕ್ಕೆ ಮಾತ್ರ ವಾಪಸ್ಸು ಮನೆ ಬಾಗಿಲಿಗೆ ಬಿಡುವ ವಾಹನ ಸಂಘಟಕರದ್ದೇ ಅಂತ ವಾಟ್ಸಾಪ್‌ನ ಆ ನಾಲ್ಕು ಸಾಲಿಗೆ ಐದನೆಯದಾಗಿ ಸೇರಿಸಿ. ಮೊಟಕಾದ ಕಾರ್ಯಕ್ರಮಗಳಿಗಿಂತ ‘ತಡವಾಗುತ್ತೆ, ಬೇಡ’ ಅಂತ ಮನೆಯಲ್ಲೇ ನಿಂತುಹೋದ ಕಾರ್ಯಕ್ರಮಗಳು ಹೆಚ್ಚು.

ಚೀಲದಲ್ಲಿ ಇರಬೇಕಾದದ್ದು: ಇನ್ನೊಂದು ಜೋಡಿ ತಾಳ, ಎರಡು ಮೊಳ ಗಟ್ಟಿ ಹತ್ತಿ ದಾರ, ಸಣ್ಣ ಕತ್ತರಿ, ದೊಡ್ಡ ಅಕ್ಷರದಲ್ಲಿ ಬರೆದ ಜತಿಯ ಪುಸ್ತಕ, ಕೂರಲು ನಾಲ್ಕು ಮಡಿಕೆಯ ಜಮಖಾನ. ದಾರ ಸವೆಯುವುದು ಬಿಲ್ಲೆಯ ತೂತಿನ ಒಳಗೆ, ಹೊರಗಿನಿಂದ ಕಾಣುವುದಿಲ್ಲ. ತೂತಿನ ಅಂಚು ಚೂಪಾಗಿದ್ದರೆ ನುಣುಪು ಉಪ್ಪುಕಾಗದದಿಂದ ಉಜ್ಜಿಸಿ. ದಾರ ಮೂರು ತಿಂಗಳಿಗೊಮ್ಮೆ ಬದಲಾಯಿಸಿ, ಒಳಗಿನ ಗಂಟನ್ನು ಎರಡು ಸಲ ಹಾಕಿ ತುದಿಗೆ ಒಂದು ತೊಟ್ಟು ಮೇಣ ಬಿಡಿ. ಗ್ರೀನ್ ರೂಮಿನಲ್ಲಿ ನರ್ತಕಿ ಗೆಜ್ಜೆ ಕಟ್ಟಿಕೊಳ್ಳುವಾಗ ನೀವೂ ಎರಡು ಬಿಲ್ಲೆಯ ದಾರವನ್ನು ಒಮ್ಮೆ ಬಲವಾಗಿ ಜಗ್ಗಿ ನೋಡಿ, ಆಮೇಲೆ ವೇದಿಕೆಗೆ ಹೋಗಿ.